ಆರರ ಲಾಂಚಿಗೆ ಅಪ್ಪನ ದನಿ

"ಕೊನೆಯ ಲಾಂಚ್ ಹೊರಡುತ್ತಿದೆ, ಬೇಗ ಬನ್ನಿ" ಎಂದು ದೋಣಿ ನಿಲ್ದಾಣದ ಮೈಕಿನಲ್ಲಿ ಹೇಳುತ್ತಲೇ ಅಪ್ಪನ ತಲೆ ನರೆತಿತ್ತು. ಚಳಿ ಶುರುವಾಗುವ ಹೊತ್ತಿಗೆ ಅವನು ತೀರಿಕೊಂಡ. ಅದೇ ನಿಲ್ದಾಣದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಮಗಳು ಹಳೆಯ ರೆಕಾರ್ಡಿಂಗಿನಿಂದ ಆ ಮಾತನ್ನು ಕತ್ತರಿಸಿ, ಸಂಜೆ ಆರಕ್ಕೆ ತಾನಾಗಿ ಕೇಳಿಸುವಂತೆ ಪುಟ್ಟ ಸ್ಕ್ರಿಪ್ಟ್ ಒಂದನ್ನು ಬರೆದಳು.

ಚಳಿ ಕಳೆಯಿತು. ಹಗಲಿನ ಬೆಳಕು ಉಳಿಸಲೆಂದು, ಆ ದೇಶದ ರೂಢಿಯಂತೆ, ಪ್ರತಿ ವರ್ಷದ ಹಾಗೆ ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟರು. ಅಂದಿನಿಂದ ಆರರ ಲಾಂಚ್ ಸದ್ದಿಲ್ಲದೆ ಹೊರಡತೊಡಗಿತು. ಏಳಕ್ಕೆ ಅಪ್ಪ ಖಾಲಿ ಬೆಂಚುಗಳನ್ನು ಕರೆಯತೊಡಗಿದ.

ಮಗಳು ಮೊದಲು ಸರ್ವರಿನ ಗಡಿಯಾರ ನೋಡಿದಳು, ಸರಿಯಾಗಿತ್ತು. ವೇಳಾಪಟ್ಟಿಯೂ ಸರಿಯಿತ್ತು. ಕೊನೆಗೆ ಸಿಕ್ಕಿದ್ದು ತನ್ನದೇ ಒಂದು ಸಾಲು. ಸರ್ವರ್ ಪಾಲಿಸುವ ವಿಶ್ವಸಮಯಕ್ಕೂ ಊರಿನ ಸಮಯಕ್ಕೂ ಇರುವ ಅಂತರವನ್ನು ಅವಳು ಚಳಿಗಾಲದ ಅಂಕಿಯಲ್ಲೇ ಬರೆದುಬಿಟ್ಟಿದ್ದಳು. ಊರು ಮುಂದೆ ಹೋಗಿತ್ತು, ಅಪ್ಪ ಚಳಿಗಾಲದಲ್ಲೇ ಉಳಿದಿದ್ದ.

ಅಂಕಿ ತೆಗೆದು ಊರಿನ ಸಮಯವಲಯದ ಹೆಸರು ಹಾಕಿದರೆ ಮುಗಿಯಿತು. ಆದರೆ ಅಷ್ಟರಲ್ಲಿ ಟಿಕೆಟ್ ಕೌಂಟರಿನವನು ಅವಳ ಕಿವಿಗೆ ಇನ್ನೊಂದು ಮಾತು ಹಾಕಿದ: ಲಾಂಚ್ ಹೋದ ಮೇಲೆ ಅಮ್ಮ ದಿನವೂ ಬಂದು ಏಳರ ದನಿಗಾಗಿ ಬೆಂಚಿನಲ್ಲಿ ಕೂರುತ್ತಾಳಂತೆ.

"ಅದನ್ನ ಮುಟ್ಟಬೇಡ ಕಣೇ," ಎಂದಳು ಅಮ್ಮ, ಮಗಳು ಕೇಳಿದಾಗ. "ಇಷ್ಟು ವರ್ಷ ಊರವರನ್ನೆಲ್ಲ ಕರೆದರು. ಈಗ ನನ್ನೊಬ್ಬಳನ್ನೇ ಕರೀತಿದ್ದಾರೆ."

"ಅದು ನನ್ನ ತಪ್ಪಮ್ಮ. ಲೆಕ್ಕ ತಪ್ಪಿದೆ."

"ಲೆಕ್ಕದಲ್ಲಿ ನೀನು ಮೊದಲಿಂದಲೂ ಅಷ್ಟೇ. ಇರಲಿ ಬಿಡು."

ಬಿಡುವಂತಿರಲಿಲ್ಲ. ಜನ ಲಾಂಚ್ ತಪ್ಪಿಸಿಕೊಂಡು ಗಲಾಟೆ ಮಾಡುತ್ತಿದ್ದರು. ನಾಳೆಯೂ ಹೀಗೇ ಆದರೆ ಆ ದನಿಯನ್ನೇ ಕಿತ್ತು ಯಂತ್ರದ ದನಿ ಹಾಕಿಸುವುದಾಗಿ ಮ್ಯಾನೇಜರ್ ಹೇಳಿಬಿಟ್ಟಿದ್ದ. ಮಗಳು ಅದನ್ನೂ ಹೇಳಿದಳು.

ಅವಳು ಸಾಲನ್ನು ತಿದ್ದಿದಳು. ಗಡಿಯಾರ ಮುಂದೆ ಹೋಗುವ ದಿನ, ಹಿಂದೆ ಬರುವ ದಿನ, ಎರಡನ್ನೂ ಕೊಟ್ಟು ಮತ್ತೆ ಮತ್ತೆ ಪರೀಕ್ಷಿಸಿದಳು. ಮುಚ್ಚಿದ ಕೋಣೆಯಲ್ಲಿ ಅಪ್ಪ ಬೇಗ ಬನ್ನಿ ಎಂದಾಗಲೆಲ್ಲ ಅವಳ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತುಬಿಡುತ್ತಿತ್ತು.

ಮರುದಿನ ಸಂಜೆ ಸರಿಯಾಗಿ ಆರಕ್ಕೆ ದನಿ ಕೇಳಿಸಿತು. ಜನ ಓಡಿದರು. ಅವರ ನಡುವೆ ಅಮ್ಮ ಕಂಡಳು. ನೀರೆಂದರೆ ಹೆದರಿ ಎಂದೂ ಲಾಂಚ್ ಹತ್ತದವಳು, ಸೆರಗು ಸರಿಮಾಡಿಕೊಂಡು ಹಲಗೆ ದಾಟುತ್ತಿದ್ದಳು.

"ಅಮ್ಮಾ, ಇದು ಕೊನೇದು. ವಾಪಸ್ ಬರೋಕೆ ಇನ್ನೊಂದಿಲ್ಲ."

ಅಮ್ಮ ತಿರುಗಿ ನೋಡಲಿಲ್ಲ. ಹಲಗೆ ಎತ್ತುವ ಮೊದಲು ಮಗಳೂ ಜಿಗಿದು ಹತ್ತಿದಳು. ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು, ಬದಿಯಲ್ಲಿ ಒಬ್ಬರಿಗೆಂದು ಜಾಗ ಬಿಟ್ಟಿದ್ದಳು. ಏದುಸಿರು ಬಿಡುತ್ತ ಮಗಳು ಅಲ್ಲಿ ಕೂರಹೋದಾಗ ಅಮ್ಮ ಕೈ ಅಡ್ಡ ಇಟ್ಟಳು.

"ಇಲ್ಲಿ ಬೇಡ," ಎಂದಳು ಮೆಲ್ಲಗೆ. "ನೀನು ಹಿಂದೆ ಕೂತ್ಕೋ."