ಬ್ಯಾರೆಲ್ ಬದಲಿಸುವ ಹೊತ್ತು

ದೆವ್ವ, ಭೂತ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ಕೂತು ಕೇಳುತ್ತೇನೆ. ಅದಕ್ಕೆ ಕಾರಣ ನನ್ನ ಸೋದರಮಾವ ಮತ್ತು ನನ್ನಿವಾಳ ಎಂಬ ಊರಿನ ಅವರ ಶೇಂಗಾ ಹೊಲ.

ಮಾವ ಸೈನ್ಯದಲ್ಲಿ ಎಲ್‌ಎಂಜಿ, ಅಂದರೆ ಹಗುರ ಮಷಿನ್‌ಗನ್ ಹೊಡೆಯುತ್ತಿದ್ದವರು. ಇಂಗ್ಲಿಷರ ಕಾಲದ ಆ ಗನ್ನನ್ನು ಹೊಸ ಗುಂಡಿಗೆ ಹೊಂದುವಂತೆ ಹೇಗೆ ಮಾರ್ಪಡಿಸಿದರು ಎಂಬ ಕಥೆಯನ್ನು ನಮ್ಮ ಮನೆಯ ಬೆಕ್ಕೂ ಬಾಯಿಪಾಠ ಒಪ್ಪಿಸೀತು. ಒಂದೇ ಸಮನೆ ಹೊಡೆದರೆ ಬ್ಯಾರೆಲ್ ಕಾಯುತ್ತದೆ, ಬದಲಿಸಬೇಕು. ಅಷ್ಟು ಹೊತ್ತು ಪಕ್ಕದ ಗನ್ನು ಹೊಡೆಯುತ್ತಿರಬೇಕು. ಮಾವನ ಪಕ್ಕದ ಗನ್ನು ಮೊಳಕಾಲ್ಮೂರಿನ ತಿಪ್ಪೇಸ್ವಾಮಿಯದು. ಬೀಡಿ ಸೇದಿ ಸೇದಿ ಕೆಟ್ಟ ಎದೆ. ಹೊಡೆದು, ಕೆಮ್ಮಿ, ‘ಕಾನೀರಾ!’, ಅಂದರೆ ‘ನಡೀಲಿ ಕಣೋ!’ ಎಂದು ತೆಲುಗಿನಲ್ಲಿ ಮಾವನನ್ನು ಹುರಿದುಂಬಿಸುತ್ತಿದ್ದನಂತೆ. ಅವನು ತೀರಿಕೊಂಡು ವರ್ಷಗಳಾಗಿದ್ದವು.

ಕಾಡುಹಂದಿ ಓಡಿಸಲು ಊರವರೆಲ್ಲ ಮೈಕಿನಲ್ಲಿ ನಾಯಿ ಬೊಗಳುವ ಸದ್ದು ಹಾಕಿದರೆ, ಮಾವ ಬಾಯಲ್ಲೇ ಗನ್ನು ಹೊಡೆದು ರೆಕಾರ್ಡ್ ಮಾಡಿದರು. ಗುಂಡಿಲ್ಲದ ತರಬೇತಿಯಲ್ಲಿ ಅವರೆಲ್ಲ ಹಾಗೇ ಹೊಡೆಯುತ್ತಿದ್ದರಂತೆ. ಆದರೆ ರೆಕಾರ್ಡಿನಲ್ಲೂ ನಡುನಡುವೆ ‘ಬ್ಯಾರೆಲ್ ಬದಲಿ!’ ಎಂದು ಕೂಗಿ ಸುಮ್ಮನಾಗಿಬಿಡುತ್ತಿದ್ದರು. ಹಂದಿಗಳಿಗೆ ಇದು ಬೇಗ ಅರ್ಥವಾಯಿತು. ಗನ್ನು ಹೊಡೆಯುವಾಗ ಬದುವಿನ ಮೇಲೆ ನಿಂತು, ಬ್ಯಾರೆಲ್ ಬದಲಿಸುವಾಗ ಇಳಿದು ಬಂದು ಶೇಂಗಾ ತಿನ್ನತೊಡಗಿದವು.

“ಮಾವ, ಆ ಸಂದು ತೆಗೆದುಬಿಡ್ರಿ. ಬಾಯಿಗ್ಯಾವ ಬ್ಯಾರೆಲ್ಲು?”

“ಲೇ, ರೂಲು ಅಂದ್ರೆ ರೂಲು. ಕಾದೈತೆ, ಬದಲಿಸ್ಬೇಕು.”

ಅರ್ಧ ಹೊಲ ಹಂದಿಗಳ ಪಾಲಾಗಿತ್ತು. ಉಳಿದದ್ದನ್ನು ಮರುದಿನ ಕೀಳುವುದೆಂದು ಆಳುಗಳಿಗೆ ಹೇಳಿ, ಮುಸ್ಸಂಜೆಯಲ್ಲಿ ನಾವಿಬ್ಬರೂ ಹೊಲದಲ್ಲಿ ಕೂತೆವು. ಹಂದಿಗಳು ಬದುವಿಗೆ ಬಂದು ನಿಂತವು. ಮೈಕು ‘ಬ್ಯಾರೆಲ್ ಬದಲಿ’ ಎಂದಿತು. ಅವು ಶಿಸ್ತಾಗಿ ಒಳಗೆ ಕಾಲಿಟ್ಟವು. ನನಗೆ ಅಳುವೇ ಬಂತು.

ಆಗ ಹೊಲದ ಆಚೆ ತುದಿಯಿಂದ ಇನ್ನೊಂದು ಬಾಯಿ ಹೊಡೆಯಿತು. ಡಡಡಡ, ಡಡಡ. ಆಮೇಲೆ ಒಂದು ಕೆಮ್ಮು. “ಕಾನೀರಾ!”

ಹಂದಿಗಳು ಬಿದ್ದಂಬೀಳ ಓಡಿದವು. ನಾನು ಟಾರ್ಚ್ ಹಿಡಿದು ಹೊಲ ಸುತ್ತಿದೆ. ನರಪಿಳ್ಳೆ ಇರಲಿಲ್ಲ. ರೆಕಾರ್ಡನ್ನು ಮತ್ತೆ ಮತ್ತೆ ಕೇಳಿದೆ. ಸಂದಿನಲ್ಲಿ ಸದ್ದೇ ಇರಲಿಲ್ಲ. ಯಾರದೋ ಕೀಟಲೆ ಎನ್ನೋಣವೆಂದರೆ, ತಿಪ್ಪೇಸ್ವಾಮಿಯ ಕೆಮ್ಮನ್ನು ನಮ್ಮೂರಲ್ಲಿ ಮಾವ ಬಿಟ್ಟು ಬೇರೆ ಯಾರೂ ಕೇಳಿದವರಲ್ಲ. ಆ ಮಾವ ನನ್ನ ಪಕ್ಕದಲ್ಲೇ ಬಾಯಿ ಮುಚ್ಚಿ ಕೂತಿದ್ದರು. ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮಾವ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, “ನೋಡಿದ್ಯೇನಲೇ, ಅವ್ನು ರೂಲು ಮರ್ತಿಲ್ಲ” ಎಂದರು.

ಈ ವರ್ಷ ಹೊಸ ರೆಕಾರ್ಡ್ ಮಾಡಿದ್ದಾರೆ. ಸಂದನ್ನು ಇನ್ನಷ್ಟು ಉದ್ದ ಬಿಟ್ಟಿದ್ದಾರೆ.