ನಾನು ತೋರಿಸದ ಜಾಗ

ಮೊನ್ನೆ ಬ್ಯಾಡಗಿ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಖಡಕ್ ರೊಟ್ಟಿಯ ಕಟ್ಟೊಂದನ್ನು ಕೊಂಡೆ. ಮನೆಗೆ ಬಂದು ಪ್ಲಾಸ್ಟಿಕ್ ಹರಿದಾಗ ಒಣ ಜೋಳದ ವಾಸನೆ ಬಂತು. ಬಾಯಿಗಿಡುವ ಮೊದಲೇ ಹಳೆಯ ಸಿಟ್ಟು ಎದ್ದು ಕೂತಿತು. ಡ್ರಿಲ್ ಮಾಸ್ತರು ನೆನಪಾಗಿದ್ದರು...

ರಾಣೆಬೆನ್ನೂರಿನಲ್ಲಿ ನಮ್ಮ ಮನೆಯ ಸಾಲಿನಲ್ಲೇ ಅವರ ಮನೆ. ನನಗೆ ಶಾಲೆಯಲ್ಲಿ ಡ್ರಿಲ್ ಕಲಿಸಿದವರೂ ಅವರೇ. ನಡುವಯಸ್ಸಿಗೆ ಬರುವತನಕ ಸಮುದ್ರ ಕಂಡವರಲ್ಲ. ಎಂಬತ್ತರ ದಶಕದ ಮೊದಲಲ್ಲಿ ಯಾವುದೋ ಶಿಬಿರಕ್ಕೆಂದು ಕಾರವಾರಕ್ಕೆ ಹೋಗಿ ಬಂದವರು ಹುಚ್ಚು ಹತ್ತಿಸಿಕೊಂಡು ಬಂದರು. ಕಾರವಾರದಿಂದ ಉಳ್ಳಾಲದವರೆಗೆ ದಂಡೆ ಹಿಡಿದು ನಡೆಯಬೇಕು, ವರ್ಷಕ್ಕಿಷ್ಟು ಎಂದು ಚಳಿಗಾಲದ ರಜೆಯಲ್ಲಿ ನಡೆದು ಮುಗಿಸಬೇಕು ಎಂದರು. ನನಗೆ ಆಗಷ್ಟೇ ಹಾವೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು, ಮದುವೆಯಾಗಿರಲಿಲ್ಲ. ಹೂಂ ಎಂದೆ. ನಮ್ಮ ಕಡೆ ಹರಕೆ ಇಲ್ಲದೆ ಯಾರೂ ಅಷ್ಟು ದೂರ ನಡೆಯುವುದಿಲ್ಲ. ಯಾವ ದೇವರಿಗೆ ಹೊಂಟೀರಿ ಎಂದು ಓಣಿಯವರೆಲ್ಲ ಕೇಳಿದರು. ದೇವರಿಲ್ಲ, ಬರೇ ದಂಡಿ ಐತಿ ಎಂದು ಮಾಸ್ತರು ನಗುತ್ತಿದ್ದರು.

ಬುತ್ತಿ ನಮ್ಮವ್ವನದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಸಮುದ್ರದ ಗಾಳಿಗೆ ಎರಡನೆಯ ದಿನವೇ ರೊಟ್ಟಿ ಮೆತ್ತಗಾಗಿ ಚರ್ಮದಂತೆ ಜಗ್ಗುತ್ತಿತ್ತು. ಬಿಸಿಲಿಗೆ ಒಣಹಾಕಿ ತಿನ್ನುತ್ತಿದ್ದೆವು, ಮೀನುಗಾರರ ಮಕ್ಕಳು ನಿಂತು ನೋಡುತ್ತಿದ್ದರು.

ಮಾಸ್ತರದೊಂದು ಕಟ್ಟಳೆಯಿತ್ತು. ಹೋದ ವರ್ಷ ಎಲ್ಲಿ ನಿಂತಿದ್ದೆವೋ ಈ ವರ್ಷ ಅಲ್ಲಿಂದಲೇ ಹೆಜ್ಜೆ ಎತ್ತಬೇಕು. ಮೊದಲ ವರ್ಷ ಗೋಕರ್ಣದ ಬಳಿ ನಿಂತಾಗ ಹಸಿ ಮರಳಿನ ಮೇಲೆ ಕಲ್ಲು ಗುಡ್ಡೆ ಹಾಕಿ, ಗುರುತಾಯಿತೆಂದು ಹೆಮ್ಮೆಯಿಂದ ಊರಿಗೆ ಬಂದೆವು. ಕೆರೆ ನೋಡಿ ಬೆಳೆದವರು ನಾವು. ದಿನವೂ ಎದ್ದು ಬರುವ ನೀರು ತಿರುಗಿ ಹೋಗುವಾಗ ಕಲ್ಲುಗುಡ್ಡೆಯನ್ನೂ ಎಳೆದೊಯ್ಯುತ್ತದೆಂದು ಯಾರಿಗೆ ಗೊತ್ತಿತ್ತು? ಮರುವರ್ಷ ಕಲ್ಲು ಹುಡುಕುತ್ತಿದ್ದ ನಮ್ಮನ್ನು ನೋಡಿ ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಗುರುತಿಡುವ ಕೆಲಸ ನನ್ನದಾಯಿತು. ಹಲಗೇರಿಯ ನಮ್ಮ ಹೊಲದಲ್ಲಿ ಗಡಿಯ ಬಾಂದುಕಲ್ಲು ಮಣ್ಣಿನಲ್ಲಿ ಹೂತುಹೋದರೆ, ಅಪ್ಪ ಬೇವಿನ ಮರವನ್ನೂ ಅದರ ಹಿಂದಿನ ಬಾವಿಯನ್ನೂ ಒಂದೇ ಗೆರೆಗೆ ತಂದು ನಿಂತು ಜಾಗ ಹೇಳುತ್ತಿದ್ದ. ನಾನೂ ನೀರಿಗೆ ಬೆನ್ನು ಹಾಕಿ ನೆಲದ ಮೇಲಿನ ಎರಡು ವಸ್ತುಗಳನ್ನು ಹಾಗೆಯೇ ಹಿಡಿದಿಡತೊಡಗಿದೆ. ಮಾಸ್ತರು ಅತ್ತ ನೋಡುತ್ತಲೂ ಇರಲಿಲ್ಲ.

ಮೂರನೆಯ ವರ್ಷ ಭಟ್ಕಳದ ಈಚೆಗೆ ಚಿಪ್ಪು ಚುಚ್ಚಿ ನನ್ನ ಪಾದ ಸೀಳಿತು. ಅವರು ಮುಂದೆ ಹೋಗಿದ್ದರು. ನಾನು ಮೀನಿನ ಲಾರಿ ಹತ್ತಿ ಭಟ್ಕಳ ಸೇರಿಕೊಂಡೆ. ಮಾರನೆಯ ಬೆಳಿಗ್ಗೆ ಅವರು ನನ್ನನ್ನು ಬಸ್ಸಿನಲ್ಲಿ ಹಿಂದಕ್ಕೆ ಕರೆದುಕೊಂಡು ಹೋಗಿ ಲಾರಿ ಹತ್ತಿದಲ್ಲೇ ಇಳಿಸಿದರು.

"ಅಷ್ಟು ದಾರಿ ಲಾರಿ ನಡದೈತಿ, ನೀ ನಡದಿಲ್ಲ," ಎಂದರು.

ಬಟ್ಟೆ ಸುತ್ತಿದ ಕಾಲಿನಲ್ಲಿ ನಡೆದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಇಂಥ ಮನುಷ್ಯನ ಜೊತೆ ನಡೆಯುತ್ತಿದ್ದೇನಲ್ಲ ಎಂದು ಹಿಗ್ಗಿದ್ದೆ.

ನಾಲ್ಕನೆಯ ವರ್ಷ ಮರವಂತೆ ದಾಟಿ, ಗಂಗೊಳ್ಳಿಗಿಂತ ಮೊದಲೇ ನಿಂತೆವು. ಉಳಿದದ್ದು ಕೊನೆಯ ಕಂತು. ಐದನೆಯ ವರ್ಷ ನಾನು ರಜೆ ಹಾಕಿ ಹಾವೇರಿಯ ಕೋಣೆಯಲ್ಲಿ ಕಾದೆ. ಮಾಸ್ತರು ಬರಲಿಲ್ಲ, ಸುದ್ದಿಯೂ ಇಲ್ಲ. ಕಾದು ಸಾಕಾಗಿ ರಾಣೆಬೆನ್ನೂರಿಗೆ ಹೋದೆ. ಅವ್ವ ಬಾಗಿಲಿಗೆ ಬಂದು ನನ್ನ ಬೆನ್ನ ಹಿಂದೆ ಇಣುಕಿ ನೋಡಿದಳು.

"ಇಷ್ಟು ಲಗೂ ಬಂದಿ? ಬುತ್ತಿ ಸಾಲಲಿಲ್ಲೇನು?"

ಮಾಸ್ತರು ಬಂದು, ನಿಮ್ಮ ಮಗ ಹಾವೇರಿಯಿಂದ ಸೀದಾ ಬರುತ್ತಾನೆ, ಇಬ್ಬರಿಗೂ ಕಟ್ಟಿಕೊಡಿ ಎಂದಿದ್ದರಂತೆ. ಆಗಲೇ ಅವ್ವನ ಕಣ್ಣು ಮಂಜಾಗಿತ್ತು. ಒಲೆಯ ಹೊಗೆಯಲ್ಲಿ ಕೂತು ಬಡಿದ ನನ್ನ ಪಾಲಿನ ರೊಟ್ಟಿ ತಿಂದವನು, ಆಮೇಲೆ ತಿಳಿದಂತೆ, ಮಾಸ್ತರು ನನ್ನ ಬದಲು ಕರೆದೊಯ್ದ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲ. ಅವನಲ್ಲಿ ಜೀಪಿತ್ತು, ಹಾವೇರಿಯ ದೊಡ್ಡವರ ಪರಿಚಯವಿತ್ತು. ಸತ್ಕಾರ ಮಾಡಿಸುತ್ತೇನೆ ಎಂದಿದ್ದನಂತೆ. ನಾನು ಅವ್ವನಿಗೆ ನಿಜ ಹೇಳಲಿಲ್ಲ. ರಜೆ ಮುಗಿಯಿತವ್ವಾ ಎಂದೆ.

ಅವರಿಬ್ಬರೂ ಉಳ್ಳಾಲ ಮುಟ್ಟಿ ಬಂದ ಮೇಲೆ ಹಾವೇರಿಯಲ್ಲಿ ಸತ್ಕಾರ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ದಲಾಲನಿಗೂ ಒಂದು ಶಾಲು. ಮಾಸ್ತರು ಭಾಷಣದಲ್ಲಿ ಒಂದು ಹೆಜ್ಜೆಯನ್ನೂ ಬಿಟ್ಟಿಲ್ಲ ಎಂದರು. ನನ್ನ ಹೆಸರು ಅವರ ಬಾಯಿಂದ ಬರಲಿಲ್ಲ. ಅವರು ಮೆಟ್ಟಿಲಿಳಿದು ಬರುವುದನ್ನೇ ಕಾದಿದ್ದು, ಈ ಸಲ ಎಲ್ಲಿಂದ ಹೊರಟಿರಿ ಎಂದು ಕೇಳಿದೆ. ಜೀಪು ಕುಂದಾಪುರದಲ್ಲಿ ಇಳಿಸಿತು ಎಂದರು. ನಾವು ನಿಂತದ್ದು ಹೊಳೆಯ ಆಚೆ, ಗಂಗೊಳ್ಳಿಗೂ ಹಿಂದೆ.

"ಅಷ್ಟು ದಾರಿ ಜೀಪು ನಡದೈತ್ರಿ ಸರ, ನೀವು ನಡದಿಲ್ಲ," ಎಂದೆ.

ಅವರು ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ನನಗೆ ಎಂಥ ಸಂತೋಷವಾಯಿತೆಂದರೆ, ಇಂದಿಗೂ ಅದನ್ನು ನೆನೆದರೆ ಎದೆ ತಂಪಾಗುತ್ತದೆ.

ಮರುವರ್ಷ ನಾನೊಬ್ಬನೇ ಹೋಗಿ ಗುರುತಿನ ಜಾಗದಿಂದ ಉಳ್ಳಾಲದವರೆಗೆ ನಡೆದು ಮುಗಿಸಿದೆ. ಬಂದ ವಾರವೇ ಮಾಸ್ತರು ಮನೆಗೆ ಬಂದರು. ಎಲ್ಲಿ ನಿಂತಿದ್ದೆವು ಎಂದು ಕೇಳಿದರು. ನಾನು ಹೇಳಲಿಲ್ಲ. ದೀಪಾವಳಿ ಮುಗಿದು ಚಳಿ ಬಿತ್ತೆಂದರೆ ಅದೇ ಪ್ರಶ್ನೆ. ಸಂತೆಯಲ್ಲಿ ಸಿಕ್ಕರೆ ಕೇಳುತ್ತಿದ್ದರು, ನನ್ನ ಮದುವೆಗೆ ಬಂದಾಗಲೂ ಕೇಳಿದರು. ಅಷ್ಟು ಹಿಂದಿನಿಂದ, ಮರವಂತೆಯಿಂದಲೇ ನಡೆದಿದ್ದರೆ ಆ ಜಾಗ ತಾನಾಗಿ ಕಾಲಡಿಗೆ ಬರುತ್ತಿತ್ತಲ್ಲ ಎಂದು ನೀವು ಕೇಳಬಹುದು. ಅಷ್ಟು ಅವರಿಗೆ ತಿಳಿಯದೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಜಾಗವಲ್ಲ, ನಾನು ಜೊತೆಗೆ ಬರುವುದು. ತಪ್ಪಾಯಿತು ಎನ್ನಲು ಅವರಿಗೆ ಬಾಯಿ ಬರಲಿಲ್ಲ, ಅದಕ್ಕೇ ಜಾಗ ಕೇಳುತ್ತಿದ್ದರು. ನನಗೆ ಅರ್ಥವಾಗಿತ್ತು. ಅರ್ಥವಾಗಿದ್ದರಿಂದಲೇ ಹೇಳಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಅವರ ಮೊಣಕಾಲುಗಳು ಸೋತಿದ್ದವು. ಕಟ್ಟೆಯ ಮೇಲೆ ಕೂತವರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಒಮ್ಮೆ ಜಾಗ ತೋರಸು. ಇಬ್ಬರೂ ಕೂಡಿ ಹೋಗಿ ಬರೂಣು. ನಿಧಾನಕ್ಕ ನಡೀತೇನಿ."

"ನೆನಪಿಲ್ರಿ ಸರ," ಎಂದೆ.

ಸುಳ್ಳೆಂದು ಅವರಿಗೆ ಗೊತ್ತಾಯಿತು. ಆಯ್ತು ಬಿಡು ಎಂದು ನನ್ನ ತೊಡೆ ತಟ್ಟಿದರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಹೆಗಲೂ ಕೊಟ್ಟೆ.

ಅವ್ವನೂ ಈಗಿಲ್ಲ. ಆ ಬುತ್ತಿ ಯಾರ ಹೊಟ್ಟೆಗೆ ಹೋಯಿತೆಂದು ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ. ಮಾಸ್ತರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಆ ಎರಡು ಗುರುತುಗಳು ಯಾವುವೆಂದು ಇಲ್ಲಿಯೂ ಬರೆಯುವುದಿಲ್ಲ. ಆದರೆ ಚಳಿಗಾಲ ಬಂದರೆ ಈಗಲೂ, ಯಾರಾದರೂ ಬಂದು ಆ ಜಾಗ ಕೇಳಲಿ, ನಾನು ನೆನಪಿಲ್ಲ ಅನ್ನಬೇಕು ಅನ್ನಿಸುತ್ತದೆ... ಕೇಳುವವರಿಲ್ಲ.