ಬಲಕ್ಕೆ ಬಿದ್ದ ಚೆಂಡು

ಮಾನ್ವಿಯ ಮೈದಾನದಲ್ಲಿ ಚೆಂಡು ಬಲಕ್ಕೆ ಬಂತು, ನಾನು ಎಡಕ್ಕೆ ಓಡಿದೆ. ರಾಯಚೂರು ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ದಡ್ಡತನ ಇನ್ನೊಂದು ನಡೆದಿದ್ದರೆ ಅದನ್ನೂ ನಾನೇ ಮಾಡಿರುತ್ತೇನೆ. ಓಡಿದ್ದು ಸುಮ್ಮನೆ ಅಲ್ಲ. ನಾಯಿ ಬೆನ್ನು ಹತ್ತಿದವನ ಹಾಗೆ, ಹಾಕಿ ಸ್ಟಿಕ್ಕನ್ನು ನೆಲಕ್ಕೆ ಹಚ್ಚಿಕೊಂಡು, ಏನೂ ಇಲ್ಲದ ಜಾಗಕ್ಕೆ ಓಡಿದೆ. ಅಲ್ಲಿ ಯಾರೋ ಕುಡಿದು ಬಿಸಾಕಿದ ನೀರಿನ ಪಾಕೀಟು ಬಿದ್ದಿತ್ತು. ಓಡಿದ ಭರಕ್ಕೆ ಅದಕ್ಕೇ ಸ್ಟಿಕ್ಕು ಬೀಸಿದೆ. ಪಾಕೀಟು ಸೀದಾ ಗೋಲಿನೊಳಗೆ ಹೋಯಿತು ಎಂದು ನಮ್ಮ ತಂಡದವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಸುಳ್ಳು. ನನ್ನ ಹೊಡೆತಕ್ಕೆ ಅದೂ ಸಿಕ್ಕಿರಲಿಲ್ಲ.

ನನ್ನ ಊರು ಯರಗೇರಾ, ಕಾಲೇಜು ರಾಯಚೂರಿನಲ್ಲಿ. ಕಾಲೇಜಿನ ಹಿಂದಿನ ಮೈದಾನವೆಲ್ಲ ಗರಸು ಕಲ್ಲು. ಬಿದ್ದರೆ ಅರ್ಧ ಮೊಣಕಾಲನ್ನು ಅಲ್ಲೇ ಬಿಟ್ಟು ಏಳಬೇಕು. ಗೋಲಿಗೆ ಬಲೆ ಇರಲಿಲ್ಲ. ಅಕ್ಕಿ ಮಿಲ್ಲಿನ ಹರಕು ಚೀಲಗಳನ್ನು ಒಂದಕ್ಕೊಂದು ಹೊಲಿದು ಕಟ್ಟಿದ್ದೆವು. ನಾನು ಫಾರ್ವರ್ಡ್, ಅಂದರೆ ಗೋಲು ಹೊಡೆಯಬೇಕಾದವನು. ಹೊಡೆಯುತ್ತಿದ್ದೆ ಎಂದು ಅರ್ಥವಲ್ಲ. ಆ ಚೀಲಗಳ ಮುಂದೆ ನಿಂತು ತಡೆಯುತ್ತಿದ್ದ ಕೀಪರ್ ನನ್ನ ದೋಸ್ತ, ದೇವದುರ್ಗದಲ್ಲಿ ಮನೆ ಕಟ್ಟುವ ಗೌಂಡಿಯೊಬ್ಬರ ಮಗ. ರಾಯಚೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಅವನ ಕಾಲಿನ ಪ್ಯಾಡುಗಳನ್ನು ಅವನ ಅವ್ವ ಮನೆಯ ಹಳೆಯ ಗಾದಿ ಬಿಚ್ಚಿ, ಅದರ ಹತ್ತಿ ತುಂಬಿ ಹೊಲಿದು ಕೊಟ್ಟಿದ್ದಳು. ಚೆಂಡು ಬಡಿದರೆ ‘ಧಪ್’ ಎಂದು ಗಾದಿ ಝಾಡಿಸಿದ ಹಾಗೆ ಸದ್ದಾಗುತ್ತಿತ್ತು.

“ಮೆತ್ತಗ ಹೊಡೀಲೇ,” ಅನ್ನುತ್ತಿದ್ದ. “ನಮ್ಮಜ್ಜ ಮಲಗಿದ ಗಾದಿ ಇದು. ಎಚ್ಚರಾದಾನ.”

ಆಟ ಕಲಿಸುವ ಸರ್ ನನಗೆ ಕಲಿಸಲು ಹೆಣಗುತ್ತಿದ್ದದ್ದು ಒಂದೇ ಸಂಗತಿ. ಹೊಡೆದ ಚೆಂಡು ಕೀಪರನ ಪ್ಯಾಡಿಗೆ ಬಡಿದು ವಾಪಸ್ ಬರುತ್ತದೆ, ಅದೇ ರಿಬೌಂಡ್. ಅದು ಬೀಳುವ ಜಾಗದಲ್ಲಿ ನೀನು ಮೊದಲೇ ಇರಬೇಕು, ಹೊಡೆದು ನೋಡುತ್ತ ನಿಲ್ಲಬಾರದು. ನನಗೋ ಹೊಡೆದ ಕೂಡಲೇ ಸ್ಟಿಕ್ಕು ಮೇಲೆತ್ತಿ, ಫೋಟೋ ತೆಗೆಯುವವರು ಯಾರಾದರೂ ಇದ್ದಾರೇನೋ ಎಂದು ನೋಡುವ ಚಟ.

“ಏನಲೇ, ಹಾರ ತರಸ್ಲೇನು?” ಎಂದು ಸರ್ ಆ ತುದಿಯಿಂದ ಕೂಗುತ್ತಿದ್ದರು. “ಸ್ಟಿಕ್ ನೆಲಕ್ಕ ಹಚ್ಚು! ಓಡು!”

ನಮ್ಮ ಮೈದಾನದಲ್ಲಿ ಒಂದು ಕಟ್ಟಳೆ ಇತ್ತು. ಸಂಜೆಯ ಕೊನೆಯ ಚೆಂಡು ಚೀಲಕ್ಕೆ ಬೀಳದೆ ಯಾರೂ ಬೂಟು ಬಿಚ್ಚುವಂತಿಲ್ಲ. ತಡೆದ ಚೆಂಡನ್ನು ಹಾಗೇ ಬಿಟ್ಟು ಹೋದರೆ ಮೈದಾನ ಮುನಿಸಿಕೊಳ್ಳುತ್ತದೆ ಅಂತೆ. ಈ ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಯರಗೇರಾದ ಬಸ್ಸು ಹಿಡಿಯಬೇಕಾದವರಂತೂ ಅಲ್ಲ. ಕೊನೆಯ ಚೆಂಡು ಹೊಡೆಯುವವನು ನಾನು, ತಡೆಯುವವನು ಅವನು, ಅವನಂಥ ಕೀಪರ್ ನಮ್ಮ ಕಡೆ ಇನ್ನೊಬ್ಬನಿರಲಿಲ್ಲ. ಲೆಕ್ಕದ ಪ್ರಕಾರ ನಾನು ಇನ್ನೂ ಅಲ್ಲೇ ಇರಬೇಕಿತ್ತು. ಆದರೆ ದಿನಾ ಕತ್ತಲಾಗುವ ಹೊತ್ತಿಗೆ ಒಂದು ಚೆಂಡು ‘ಧಪ್’ ಎಂದು ಬಡಿದು, ನನ್ನ ಬಲಗಡೆಗೆ ಮೆಲ್ಲಗೆ ಉರುಳಿ ಬರುತ್ತಿತ್ತು. ನಾನು ಅದನ್ನು ಚೀಲಕ್ಕೆ ನೂಕಿ, ಬ್ಯಾಗು ಎತ್ತಿಕೊಂಡು ಬಸ್ಸಿಗೆ ಓಡುತ್ತಿದ್ದೆ. ಬಸ್ಸಿನಲ್ಲಿ ಕಂಡಕ್ಟರಿಗೂ ನನ್ನ ರಿಬೌಂಡಿನ ವರ್ಣನೆ ತಪ್ಪುತ್ತಿರಲಿಲ್ಲ. ಅವರು “ಮೊದಲ ಟಿಕೆಟ್ ತೊಗೋಪಾ, ಆಮ್ಯಾಗ ಗೋಲು ಹೊಡಿ” ಅನ್ನುತ್ತಿದ್ದರು.

ಒಂದು ಸಂಜೆ ಮಿರ್ಚಿ ಬಂಡಿಯ ಮುಂದೆ ದೋಸ್ತನಿಗೇ ಪಾಠ ಹೇಳಲು ಹೋದೆ.

“ರಿಬೌಂಡ್ ಅಂದ್ರ ನಾನು ನೋಡು. ಚೆಂಡು ಬಲಕ್ಕ ಬರ್ತದ ಅಂತ ನನಗ ಮೊದಲ ವಾಸನಿ ಬರ್ತದ.”

ಅವನು ಬಿಸಿ ಮಿರ್ಚಿ ಬಾಯಲ್ಲಿಟ್ಟುಕೊಂಡೇ ಹೇಳಿದ: “ವಾಸನಿ ಬರೋದು ನನ್ನ ಬೂಟಿಂದಲೇ. ನಿನ್ನ ಬಸ್ ತಪ್ಪತದ ಅಂತ ನಾನ ಕಾಲಿಲೇ ಬಲಕ್ಕ ತಳ್ತೀನಿ.”

“ಖರೇ?”

“ಇಲ್ಲಂದ್ರ ನೀ ಅಲ್ಲೇ ಗೋಲಿನ ಮುಂದ ಮುದುಕ ಆಗ್ತಿದ್ದಿ.”

ಮಾನ ಇದ್ದವನಾಗಿದ್ದರೆ ಮರುದಿನದಿಂದ ಬೇಡ ಅನ್ನುತ್ತಿದ್ದೆ. ನಾನು ಅವನ ತಟ್ಟೆಯಿಂದ ಇನ್ನೊಂದು ಮಿರ್ಚಿ ಎತ್ತಿಕೊಂಡೆ. ಮರುದಿನದಿಂದ ಕೊನೆಯ ಚೆಂಡಿಗೆ ಒಂದು ಹೆಜ್ಜೆ ಮೊದಲೇ ಬಲಕ್ಕೆ ಹೋಗಿ ನಿಲ್ಲತೊಡಗಿದೆ, ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹಾಗೆ. ಸರ್ ಒಮ್ಮೆ ಇದನ್ನು ನೋಡಿ ಅವನಿಗೆ ಬೈದರು.

“ಕೀಪರ್ ಆದಾಂವ ಚೆಂಡು ಅಂಚಿಗಿ ಒದೀಬೇಕಲೇ. ಹಿಂಗ ಎದುರಿಗಿ ಬಿಟ್ರ ತಾಟು ಹಚ್ಚಿ ಕೊಟ್ಟಂಗ.”

“ಕೊನೇ ಚೆಂಡ ಅಷ್ಟರೀ ಸರ್. ಅದೊಂದ.”

ಆ ವರ್ಷ ಜಿಲ್ಲಾ ತಂಡದ ಆಯ್ಕೆ ಮಾನ್ವಿಯಲ್ಲಿತ್ತು. ತಾಲೂಕು ತಾಲೂಕಿಗೆ ಪಂದ್ಯ, ಎಲ್ಲೇ ಓದಲಿ ಅವರವರ ಊರಿನ ತಾಲೂಕಿಗೇ ಆಡಬೇಕು. ಅಲ್ಲಿ ಆಡಿದ್ದನ್ನು ನೋಡಿ ತಂಡ ಆರಿಸುತ್ತಾರೆ. ಆಯ್ಕೆಯಾದವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಊಟ, ಇರುವ ಜಾಗ. ನನಗೆ ಅದು ಶೋಕಿ. ಅವನಿಗೆ ಹಾಗಲ್ಲ. ಅವನ ಅಪ್ಪ ಕೆಟ್ಟವರಲ್ಲ, ಆದರೆ ಭುಜ ಏಳದಂತಾಗಿತ್ತು, ಜೊತೆಗೆ ಒಬ್ಬರು ಬೇಕಿತ್ತು. “ಟೀಮಿನ್ಯಾಗ ಹೆಸರು ಬಂದ್ರ ಓದು, ಇಲ್ಲಂದ್ರ ಬಂದು ಕರಣಿ ಹಿಡಿ ಅಂದಾನ ನಮ್ಮಪ್ಪ,” ಎಂದಿದ್ದ. ವಯಸ್ಸಿನ ಮಿತಿಯಲ್ಲಿ ಅವನಿಗೆ ಅದೇ ಕೊನೆಯ ವರ್ಷ. ನಾವು ಹಾಸ್ಟೆಲ್ ರೂಮನ್ನು ಆಗಲೇ ಹಂಚಿಕೊಂಡಿದ್ದೆವು: ಕಿಟಕಿ ಪಕ್ಕದ ಮಂಚ ಅವನಿಗೆ, ಫ್ಯಾನಿನ ಕೆಳಗಿನದು ನನಗೆ. ಫ್ಯಾನು ಇರುತ್ತದೋ ಇಲ್ಲವೋ ವಿಚಾರಿಸಿರಲಿಲ್ಲ.

ಅವನು ದೇವದುರ್ಗದ ಕಡೆ, ನಾನು ರಾಯಚೂರಿನ ಕಡೆ. ಎದುರೆದುರೇ ಬಿದ್ದೆವು.

ಪಂದ್ಯದ ಬೆಳಿಗ್ಗೆ ಅವನು ಬಟ್ಟೆಯ ಗಂಟು ಹಿಡಿದು ನಮ್ಮ ತಂಡ ಕೂತಿದ್ದ ಬೇವಿನ ಮರದ ಕೆಳಗೇ ಬಂದ. “ಅವ್ವ ಇಬ್ಬರಿಗೂ ಕಟ್ಯಾಳ, ತಿನ್ನು.” ಜೋಳದ ರೊಟ್ಟಿ, ಶೇಂಗಾ ಹಿಂಡಿ. ನನ್ನ ತಂಡದವರು ಸುಮ್ಮನಿರುತ್ತಾರೆಯೇ?

“ತಿನಬ್ಯಾಡಲೇ, ಹೊಟ್ಟಿ ಭಾರಾಗಿ ಓಡಬಾರದಂತ ತಂದಾನ!”

“ಇವತ್ತ ಅಂವ ನಿನ್ನ ದೋಸ್ತ ಅಲ್ಲ. ನಿನ್ನ ರೂಢಿ ಎಲ್ಲಾ ಗೊತ್ತದ ಅವಂಗ.”

ಅವನು ನಕ್ಕ. ನಾನೂ ನಕ್ಕೆ. ನಕ್ಕು, ಅರ್ಧ ರೊಟ್ಟಿ ತಿಂದು, ಅರ್ಧ ಬಿಟ್ಟೆ.

ಅವತ್ತು ಅವನು ಆಡಿದ ಆಟವನ್ನು ನಾನು ಉಬ್ಬಿಸಿ ಹೇಳಬೇಕಾಗಿಲ್ಲ. ನಾನು ಉಬ್ಬಿಸದೆ ಹೇಳುವ ಸಂಗತಿ ಇದೊಂದೇ. ಬಂದದ್ದನ್ನೆಲ್ಲ ತಡೆದ, ತಡೆದದ್ದನ್ನೆಲ್ಲ ಅಂಚಿಗೆ ಒದ್ದ. ಶಾಮಿಯಾನದ ಕೆಳಗೆ ಕೂತಿದ್ದ ಆಯ್ಕೆಯವರು ಒಬ್ಬರಿಗೊಬ್ಬರು ತಲೆಯಾಡಿಸುತ್ತಿದ್ದರು. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಗೋಲಿನ ಮುಂದೆಯೇ ಚೆಂಡು ನನಗೆ ಸಿಕ್ಕಿತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ.

ಧಪ್.

ಅವನ ಅಜ್ಜನ ಗಾದಿ. ಆ ಸದ್ದು ಕೇಳಿದ ಮೇಲೆ ಎಲ್ಲಿಗೆ ಹೋಗಬೇಕು ಎಂದು ಇಡೀ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ಹುಟ್ಟಿದಾಗಿನಿಂದ ಕೆಲಸ ಮಾಡದ ನನ್ನ ತಲೆ ಆ ಕ್ಷಣಕ್ಕೇ ಕೆಲಸ ಶುರು ಮಾಡಿತು. ನಾನು ಬಲಕ್ಕೆ ಬರುತ್ತೇನೆ ಎಂದು ಅವನಿಗೆ ಗೊತ್ತು, ಇವತ್ತು ಅವನು ಎದುರಾಳಿ, ಅಂದಮೇಲೆ ಎಡಕ್ಕೇ ಬಿಡುತ್ತಾನೆ. ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಎಡಕ್ಕೆ ಓಡಿದೆ.

ನೀರಿನ ಪಾಕೀಟಿಗೆ ಬೀಸಿ ತಿರುಗಿ ನೋಡಿದಾಗ ಚೆಂಡು ಬಲಗಡೆಯಲ್ಲಿ ಮೆಲ್ಲಗೆ ಉರುಳುತ್ತಿತ್ತು, ದಿನಾ ಸಂಜೆ ಉರುಳುತ್ತಿದ್ದ ಹಾಗೆಯೇ, ಅದೇ ದೂರಕ್ಕೆ, ಅದೇ ನಿಧಾನಕ್ಕೆ. ಹಿಂದಿನಿಂದ ಓಡಿ ಬಂದ ನಮ್ಮ ತಂಡದ ಇನ್ನೊಬ್ಬ ಅದನ್ನು ಗೋಲಿಗೆ ಹೊಡೆದ. ನಾವು ಗೆದ್ದೆವು. ಎಲ್ಲರೂ ಅವನನ್ನು ಎತ್ತಿ ಕುಣಿದರು. ನನ್ನ ದೋಸ್ತ ಮಾತ್ರ ಹಿಂದೆ ಗೋಲಿನಲ್ಲಿ ಬಿದ್ದಿದ್ದ ಚೆಂಡಿನ ಕಡೆ ತಿರುಗಲೂ ಇಲ್ಲ. ಆ ಬಲಗಡೆಯ ಖಾಲಿ ಜಾಗವನ್ನೇ ನೋಡುತ್ತ ನಿಂತಿದ್ದ.

ಸಂಜೆ ಹೆಸರು ಕೂಗಿದರು. ಕೀಪರಾಗಿ ಬೇರೆ ತಾಲೂಕಿನವನು. ಆಯ್ಕೆಯವರೊಬ್ಬರು ನಮ್ಮ ಸರ್‌ಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: “ಹುಡುಗ ಚಲೋ ಅದಾನ್ರೀ. ಆದ್ರ ಬಿಗಿ ಟೈಮಿನ್ಯಾಗ ಚೆಂಡು ಎದುರಿಗಿ ಬಿಡ್ತಾನ.” ಸರ್ ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಹೆಸರು ಕೂಗುವ ಪ್ರಶ್ನೆಯೇ ಇರಲಿಲ್ಲ, “ಆ ಪಾಕೀಟಿನ ಹುಡುಗ ಯಾರ್ರೀ?” ಎಂದು ಕೇಳಿದರಂತೆ, ಅಷ್ಟೇ.

ನಾನು ಈಗಲೂ ಸಂಜೆ ಮೈದಾನಕ್ಕೆ ಹೋಗುತ್ತೇನೆ. ಅವನು ಊರಿಗೆ ಹೋಗಿ ಕರಣಿ ಹಿಡಿದ ಮೇಲೆ ಬೇರೆ ಕೀಪರ್ ಸಿಕ್ಕಿಲ್ಲ. ಕೊನೆಯ ಚೆಂಡು ಮೊದಲ ಹೊಡೆತಕ್ಕೇ ಚೀಲಕ್ಕೆ ಬೀಳುತ್ತದೆ. ಬಸ್ಸು ಬರುವುದಕ್ಕೆ ಇನ್ನೂ ಎಷ್ಟೋ ಹೊತ್ತಿರುತ್ತದೆ, ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿರುತ್ತೇನೆ.

ಅವತ್ತು ಮಾನ್ವಿಯಿಂದ ಅವನು ನಮ್ಮ ಜೊತೆ ರಾಯಚೂರಿಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ತೊಡೆಯ ಮೇಲಿನ ಚೀಲದಿಂದ ಪ್ಯಾಡುಗಳು ಹೊರಗೆ ಇಣುಕುತ್ತಿದ್ದವು. ನಾನು ಕೆಳಗೆ ನಿಂತು, ಬೇರೇನೂ ಬಾರದ್ದರಿಂದ, ನಗಿಸಲು ನೋಡಿದೆ.

“ಮುಂದಿನ ಸಲ ಎಡಕ್ಕ ಬಿಡಪಾ. ನಾ ಅಲ್ಲೇ ಇರ್ತೀನಿ.”

ಅವನು ನಗಲಿಲ್ಲ. ಮುಂದಿನ ಸಲ ಎಂಬುದು ಅವನಿಗಿಲ್ಲ ಎಂದು ನನಗೆ ನೆನಪಾದದ್ದು ಮಾತು ಬಾಯಿಂದ ಬಿದ್ದ ಮೇಲೆ. ಅವನು ಗಂಟು ಬಿಚ್ಚಿ, ಬೆಳಿಗ್ಗೆ ನಾನು ಬಿಟ್ಟಿದ್ದ ಅರ್ಧ ರೊಟ್ಟಿಯನ್ನು ಕಿಟಕಿಯಿಂದ ಕೊಟ್ಟ. “ತಿನ್ನು. ಯರಗೇರಾ ಮುಟ್ಟತನಾ ಹಸೀತದ.”

“ಯಾಕಲೇ ಬಲಕ್ಕ ಬಿಟ್ಟಿ?” ಎಂದೆ. “ನನ್ನ ಸಲುವಾಗೇನು?”

“ಹುಚ್ಚದಿಯೇನು? ನಮ್ಮೂರ ಟೀಮಿಗಿ ಮೋಸ ಮಾಡ್ತೀನೇನು ನಾನು? ಅಂಚಿಗೇ ಒದೀಬೇಕಂತ ಮಾಡಿದ್ದೆ. ಕಾಲು ಕೇಳಲಿಲ್ಲ.”

ಡ್ರೈವರ್ ಬಸ್ಸು ಚಾಲೂ ಮಾಡಿದ. ದೋಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಸದ್ದಿನಲ್ಲೂ ನನಗೆ ಕೇಳುವಂತೆ ಹೇಳಿದ:

“ನೀ ಅಲ್ಲೇ ಇರ್ತಿ ಅಂತ ತಿಳಕೊಂಡಿತ್ತಲೇ ಕಾಲು. ಗೋಲು ಹೋದ್ರ ಹೋಗ್ಲಿ, ನೀ ಆದ್ರೂ ಹೊಡೀಬೇಕಿತ್ತು. ಎಲ್ಲಿ ಹೋಗಿದ್ದೀಲೇ ನೀ?”